ಶಿರೇ: ಮೊದಲು ಕಟ್ಟಿದ್ದು, ಆಮೇಲೆ ಕಿತ್ತದ್ದು

ನನ್ನ ಮೇಜಿನ ಮೇಲೆ ಈಗ 60 ಸೆಂಟಿಮೀಟರ್ ಉದ್ದದ ಒಂದು ಸಬ್‌ಮರೀನ್ ಮಾದರಿ ಇದೆ. ಎರಡನೇ ಮಹಾಯುದ್ಧದಲ್ಲಿದ್ದ ಇಟಲಿಯ ಶಿರೇ. ತಿಳಿ ಹಸಿರು ಬಣ್ಣದ್ದು. ಪಕ್ಕದ ಡಬ್ಬಿಯಲ್ಲಿ ಅದರ ಫಿರಂಗಿ ಇದೆ. ಮೂರು ಸಂಜೆ ಕೂತು ಮಾಡಿದ ಫಿರಂಗಿ. ಅದನ್ನು ಡೆಕ್ಕಿಗೆ ಅಂಟಿಸಿ, ಒಣಗಿದ ಮೇಲೆ ಬ್ಲೇಡ್ ಹಾಕಿ ನಾನೇ ಕಿತ್ತೆ. ನಿಜವಾದ ಶಿರೇಗೂ 1940ರಲ್ಲಿ ಹೀಗೇ ಆಯಿತು. ಫಿರಂಗಿ ತೆಗೆದರು, ಡೆಕ್ಕಿನ ಮೇಲೆ ಉಕ್ಕಿನ ದೊಡ್ಡ ಸಿಲಿಂಡರ್‌ಗಳನ್ನು ಕೂರಿಸಿದರು. ನಾನೂ ಅದೇ ಕ್ರಮದಲ್ಲಿ ಕಟ್ಟಬೇಕು ಅಂತ ಮೊದಲೇ ನಿರ್ಧರಿಸಿದ್ದೆ. ಮೊದಲು 1938ರ ಮಾಮೂಲಿ ಸಬ್‌ಮರೀನ್. ಅದು ಮುಗಿದ ಮೇಲೆ ಅದನ್ನೇ ಬಿಚ್ಚಿ ಯುದ್ಧಕಾಲದ ಶಿರೇ.

ಸುತ್ತುದಾರಿ ಅಲ್ವಾ ಅಂತ ಕೇಳಬಹುದು. ಸುತ್ತೇ. ಆದರೆ ಈ ಹಡಗಿನ ಕಥೆ ಇರುವುದೇ ಆ ಬದಲಾವಣೆಯಲ್ಲಿ. ಇಟಲಿಯವರ ಕೈಯಲ್ಲಿ ಇದ್ದದ್ದು ಒಂದು ಚಿಕ್ಕ, ಸರಳವಾದ ಸಬ್‌ಮರೀನ್. ಅದರ ಮೇಲೆ ಒಂದಿಷ್ಟು ಕಬ್ಬಿಣದ ಕೆಲಸ ಮಾಡಿ, ಯಾರೂ ಊಹಿಸದ ಕೆಲಸಕ್ಕೆ ಹಚ್ಚಿದರು. ಕೈಯಾರೆ ಬಿಚ್ಚಿ ಜೋಡಿಸಿದರೆ ಮಾತ್ರ ಅದು ಅರ್ಥವಾಗುತ್ತದೆ ಅನ್ನಿಸಿತು.

ಶಿರೇ ಆದುವಾ ಕ್ಲಾಸಿನ ಸಬ್‌ಮರೀನ್. ಇಟಲಿಯ ನೌಕಾಪಡೆಗೆ ಈ ಮಾದರಿಯ 17 ಸಬ್‌ಮರೀನ್‌ಗಳು ಬಂದವು. ಕಟ್ಟಿದ್ದು ಮೊನ್ಫಾಲ್ಕೊನೆ, ತರಾಂತೊ ಮತ್ತು ಲಾ ಸ್ಪೆಜಿಯಾ ಪಕ್ಕದ ಮುಜ್ಜಾನೊದಲ್ಲಿ. ಶಿರೇ ಮುಜ್ಜಾನೊದ್ದು. 1938ರ ಜನವರಿಯಲ್ಲಿ ನೀರಿಗಿಳಿಯಿತು, ಏಪ್ರಿಲ್‌ನಲ್ಲಿ ಸೇವೆಗೆ ಸೇರಿತು. ಅದಕ್ಕೂ ಮುಂಚೆ ಇದೇ ಮಾದರಿಯಲ್ಲಿ ಕಟ್ಟುತ್ತಿದ್ದ ಮೂರನ್ನು ಬ್ರೆಜಿಲ್ ಕೊಂಡುಕೊಂಡಿತ್ತು. ಅವುಗಳ ಬದಲಿಗೆ ಅದೇ ಹೆಸರಿನಲ್ಲಿ ಇನ್ನೂ ಮೂರು ಕಟ್ಟಿದರು. ಇಟಲಿಯಲ್ಲಿ "600 ಸರಣಿ" ಅಂತ ಒಂದಿತ್ತು. ಸುಮಾರು 600 ಟನ್ನಿನ ಕರಾವಳಿ ಸಬ್‌ಮರೀನ್‌ಗಳು. ಆರ್ಗೊನೌತಾ, ಸಿರೇನಾ, ಪೆರ್ಲಾ ಆದ ಮೇಲೆ ನಾಲ್ಕನೇ ಕಂತು ಆದುವಾ. ಪ್ರತಿ ಕಂತಿನಲ್ಲೂ ಸ್ವಲ್ಪ ಸ್ವಲ್ಪ ತಿದ್ದುತ್ತಾ ಹೋದರು, ಮೂಲ ಮಾದರಿ ಮಾತ್ರ ಅದೇ.

ಹೆಸರುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಆದುವಾ, ಆಕ್ಸುಮ್, ಗೊಂದಾರ್, ಮಕಲ್ಲೆ, ಶಿರೇ. ಇವೆಲ್ಲ ಇಥಿಯೋಪಿಯಾದ ಊರುಗಳು. 1896ರಲ್ಲಿ ಆದುವಾದಲ್ಲಿ ಇಥಿಯೋಪಿಯಾದವರು ಇಟಲಿಯ ಸೈನ್ಯವನ್ನು ಸೋಲಿಸಿದ್ದರು. 1935-36ರಲ್ಲಿ ಮುಸೊಲಿನಿಯ ಸೈನ್ಯ ಆ ದೇಶವನ್ನು ಆಕ್ರಮಿಸಿತು. ಗೆದ್ದ ಊರುಗಳ ಹೆಸರನ್ನು ಸಬ್‌ಮರೀನ್‌ಗಳಿಗೆ ಅಂಟಿಸಿದರು. ಹೆಸರಿನ ಪಟ್ಟಿಯನ್ನು ಬರೆಯುವಾಗ ನನಗೆ ಕಸಿವಿಸಿಯಾಯಿತು. ಒಳ್ಳೆಯ ಎಂಜಿನಿಯರಿಂಗ್ ಇದೆ, ಅದಕ್ಕೆ ಹಚ್ಚಿದ ಹೆಸರು ಇನ್ನೊಬ್ಬರ ನೋವು.

ಹಲ್, ಮತ್ತು ನನ್ನ ದೊಡ್ಡ ತಪ್ಪು

ಅಳತೆ ನೂರಕ್ಕೆ ಒಂದು. ಲೆಕ್ಕ ಸುಲಭ. ನಿಜವಾದದ್ದು ಸುಮಾರು 60.2 ಮೀಟರ್ ಉದ್ದ, 6.45 ಮೀಟರ್ ಅಗಲ, ನೀರಿನೊಳಗೆ ಸುಮಾರು 4.7 ಮೀಟರ್. ನನ್ನದು 60.2 ಸೆಂಟಿಮೀಟರ್, 6.45 ಸೆಂಟಿಮೀಟರ್, 4.7 ಸೆಂಟಿಮೀಟರ್. ಮೀಟರ್ ಅಂತ ಇರುವ ಕಡೆ ಸೆಂಟಿಮೀಟರ್ ಅಂತ ಓದಿಕೊಂಡರೆ ಮುಗಿಯಿತು.

ಹಲಗೆ ಮೇಲೆ ಹಲಗೆ ಜೋಡಿಸುವ ಹಳೇ ವಿಧಾನ ಹಿಡಿದೆ. 6 ಮಿಲಿಮೀಟರ್ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಶೀಟಿನಲ್ಲಿ ಹತ್ತು ಪದರ. ಪ್ರತಿ ಪದರವನ್ನೂ ಆ ಎತ್ತರದಲ್ಲಿ ಹಲ್, ಅಂದರೆ ಹಡಗಿನ ಒಡಲು, ಎಷ್ಟು ಅಗಲ ಇರುತ್ತದೋ ಅಷ್ಟಕ್ಕೆ ಫ್ರೆಟ್ ಗರಗಸದಲ್ಲಿ ಕೊಯ್ದೆ. ನಡುವೆ ಎರಡು ತೂತು ಕೊರೆದು, ಕಡ್ಡಿ ತೂರಿಸಿ, ಅಂಟು ಹಚ್ಚಿ, ಮೇಲೆ ಇಟ್ಟಿಗೆ ಹೇರಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೆಟ್ಟಿಲು ಮೆಟ್ಟಿಲಾದ ಒಂದು ದೋಣಿ. ಆ ಮೆಟ್ಟಿಲುಗಳನ್ನು ಮೊದಲು ಉಳಿಯಲ್ಲಿ, ಆಮೇಲೆ ಅರದಲ್ಲಿ, ಕೊನೆಗೆ 80 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಿ ಸಮ ಮಾಡಬೇಕು. ಎಂಡಿಎಫ್ ಧೂಳು ಮೂಗಿಗೆ ಬಹಳ ಕೆಟ್ಟದ್ದು. ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎರಡು ವಾರ ತಿಕ್ಕಿದೆ. ನುಣ್ಣಗಾಯಿತು. ಹಲ್ ಸೌತೆಕಾಯಿಯ ಹಾಗೆ ದುಂಡಗೆ, ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ಹಳೆಯ ಫೋಟೊ ಒಂದನ್ನು ಪಕ್ಕದಲ್ಲಿಟ್ಟು ನೋಡಿದೆ. ತಪ್ಪಾಗಿತ್ತು.

ಆದುವಾ ದುಂಡಗಿಲ್ಲ. ಪಕ್ಕಗಳಲ್ಲಿ ಉಬ್ಬು ಇದೆ. ಈ ಮಾದರಿಯನ್ನು ರೂಪಿಸಿದವರು ಕೂರಿಯೊ ಬೆರ್ನಾರ್ದಿಸ್. ಅವರ ವಿಧಾನ ಹೀಗಿತ್ತು. ಒಳಗೆ ನೀರಿನ ಒತ್ತಡ ತಡೆಯುವ ಒಂದೇ ಗಟ್ಟಿ ಕೊಳವೆ. ಸಬ್‌ಮರೀನ್ ಮುಳುಗಬೇಕಾದರೆ ಟ್ಯಾಂಕುಗಳಿಗೆ ನೀರು ತುಂಬಿಸಬೇಕು. ಇಡೀ ಕೊಳವೆಯ ಸುತ್ತ ಎರಡನೇ ಹಲ್ ಕಟ್ಟಿ ಆ ಜಾಗದಲ್ಲಿ ನೀರು ತುಂಬಿಸುವುದು ಒಂದು ದಾರಿ. ಅದಕ್ಕೆ ಉಕ್ಕು ಜಾಸ್ತಿ, ತೂಕ ಜಾಸ್ತಿ, ಖರ್ಚೂ ಜಾಸ್ತಿ. ಬೆರ್ನಾರ್ದಿಸ್ ನಡುಭಾಗದಲ್ಲಿ ಕೊಳವೆಯ ತಳದೊಳಗೇ ಒಂದಿಷ್ಟು ಟ್ಯಾಂಕ್ ಇಟ್ಟರು. ಉಳಿದದ್ದನ್ನು ಹೊರಗೆ ಎರಡೂ ಪಕ್ಕಕ್ಕೆ ಉಬ್ಬಿನ ಹಾಗೆ ಹಚ್ಚಿದರು. ಹಾಲಿನವರು ಸೈಕಲ್ಲಿನ ಎರಡೂ ಕಡೆ ಕ್ಯಾನ್ ನೇತುಹಾಕಿಕೊಂಡು ಬರುತ್ತಾರಲ್ಲ, ಹಾಗೆ. ಆ ಉಬ್ಬು ನೀರಿನ ಮೇಲೆ ಹೋಗುವಾಗ ಹಡಗು ಹೊರಳಾಡದಂತೆಯೂ ನೋಡಿಕೊಳ್ಳುತ್ತದೆ.

ನಾನು ತಿಕ್ಕಿ ತಿಕ್ಕಿ ಕಳೆದದ್ದು ಅದನ್ನೇ. ಈ ಮಾದರಿಯ ಮುಖ್ಯ ಲಕ್ಷಣವನ್ನೇ ಧೂಳು ಮಾಡಿ ಗುಡಿಸಿ ಹಾಕಿದ್ದೆ.

ಮತ್ತೆ ಮೊದಲಿನಿಂದ ಕೊಯ್ಯುವ ಮನಸ್ಸಾಗಲಿಲ್ಲ. ಕಾರಿನ ಡೊಂಕು ತುಂಬುವ ಪುಟ್ಟಿ ತಂದೆ. ನಡುಭಾಗದಲ್ಲಿ ಎರಡೂ ಕಡೆ ಪೆನ್ಸಿಲ್ಲಿನಲ್ಲಿ ಉಬ್ಬಿನ ಗೆರೆ ಎಳೆದೆ. ಗೆರೆಯೊಳಗಿನ ಜಾಗವನ್ನು ಬ್ಲೇಡಿನಿಂದ ಗೀಚಿ ಒರಟು ಮಾಡಿದೆ, ಇಲ್ಲದಿದ್ದರೆ ಪುಟ್ಟಿ ಹಿಡಿಯುವುದಿಲ್ಲ. ಹಾರ್ಡ್‌ನರ್ ಕಲೆಸಿದ ಮೇಲೆ ಕೈಯಲ್ಲಿ ಇರುವುದು ಐದು ನಿಮಿಷ ಅಷ್ಟೇ. ಒಮ್ಮೆಗೆ ದಪ್ಪ ಮೆತ್ತಿದರೆ ಬಿರುಕು ಬಿಡುತ್ತದೆ. ಎರಡು ಮಿಲಿಮೀಟರಿನ ಹಾಗೆ ಮೂರು ಸಲ ಹಚ್ಚಿದೆ. ಎಡಕ್ಕೂ ಬಲಕ್ಕೂ ಒಂದೇ ಆಕಾರ ಬರಲು ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಕೊಂಡೆ. ಅಚ್ಚು ಒತ್ತಿ ನೋಡುವುದು, ತಿಕ್ಕುವುದು, ಮತ್ತೆ ಒತ್ತಿ ನೋಡುವುದು. ನಾಲ್ಕು ದಿನ ಹಿಡಿಯಿತು. ಈಗ ಹಲ್ ಮೇಲೆ ಬೆರಳು ಆಡಿಸಿದರೆ ಆ ಉಬ್ಬು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ. ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ಎಚ್ಚರಿಕೆ. ಎಂಡಿಎಫ್ ಅಂಚು ನೀರು ಕುಡಿಯುತ್ತದೆ. ಮೊದಲ ಸಲ ನೀರು ಬೆರೆಸಿದ ಪ್ರೈಮರ್ ಹಚ್ಚಿದ್ದೆ. ಮಾರನೇ ದಿನ ಹತ್ತೂ ಪದರದ ಗೆರೆ ಎದ್ದು ನಿಂತಿತ್ತು. ಮತ್ತೆ ಪೂರ್ತಿ ತಿಕ್ಕಿ, ಸ್ಯಾಂಡಿಂಗ್ ಸೀಲರ್ ಎರಡು ಕೋಟ್ ಕೊಟ್ಟ ಮೇಲೆ ನಿಂತಿತು. ಸೀಲರ್ ಮೊದಲು, ಉಳಿದದ್ದೆಲ್ಲ ಆಮೇಲೆ.

1938ರ ಶಿರೇ

ಡೆಕ್ಕಿನ ನಡುವೆ ಎದ್ದು ನಿಲ್ಲುವ ಗೋಪುರಕ್ಕೆ ಪ್ಲಾಸ್ಟಿಕ್ ಶೀಟ್. ಆ ಕಾಲದ ಇಟಾಲಿಯನ್ ಸಬ್‌ಮರೀನ್‌ಗಳ ಗೋಪುರ ದೊಡ್ಡದು. ಒಳಗೆ ಅಡ್ಡಾಡಲು ಅನುಕೂಲ, ಅಲೆ ಬಡಿಯುವಾಗ ಮೇಲೆ ನಿಂತವರಿಗೆ ಆಸರೆ. ಆದರೆ ರಾತ್ರಿ ದೂರದಿಂದಲೇ ಕಾಣುತ್ತದೆ. ಯುದ್ಧದಲ್ಲಿ ಅದು ದುಬಾರಿಯಾಯಿತು. ಮುಂದೆ ಬಹಳಷ್ಟನ್ನು ಕತ್ತರಿಸಿ ಚಿಕ್ಕದು ಮಾಡಿದರು. ನಾನು ದೊಡ್ಡದನ್ನೇ ಕಟ್ಟಿದೆ, ಕತ್ತರಿಸಲು ಅಂತಲೇ.

ಟಾರ್ಪಿಡೊ ಕೊಳವೆ ಆರು. ಮುಂದೆ ನಾಲ್ಕು, ಹಿಂದೆ ಎರಡು. ಎಲ್ಲ 533 ಮಿಲಿಮೀಟರಿನವು. ನನ್ನ ಅಳತೆಯಲ್ಲಿ ಐದು ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ. ಬಾಗಿಲುಗಳನ್ನು ಕೊರೆದು ತೋರಿಸಲಿಲ್ಲ, ಗೆರೆ ಕೊಯ್ದು ಬಿಟ್ಟೆ. ಹಿಂದೆ ಎರಡು ಪ್ರೊಪೆಲ್ಲರ್. ಹಿತ್ತಾಳೆ ತಗಡನ್ನು ಎಲೆ ಆಕಾರಕ್ಕೆ ಕತ್ತರಿಸಿ ಬೆಸುಗೆ ಹಾಕಿದೆ. ನಿಜವಾದ ಹಡಗಿನಲ್ಲಿ ನೀರಿನ ಮೇಲೆ ಎರಡು ಡೀಸೆಲ್ ಎಂಜಿನ್ ಸೇರಿ ಸುಮಾರು 1,200 ಅಶ್ವಶಕ್ತಿ, ನೀರಿನೊಳಗೆ ಎರಡು ಎಲೆಕ್ಟ್ರಿಕ್ ಮೋಟರ್ ಸೇರಿ 800. ಮೇಲೆ 14 ನಾಟ್, ಅಂದರೆ ಗಂಟೆಗೆ ಸುಮಾರು 26 ಕಿಲೋಮೀಟರ್. ಒಳಗೆ ಏಳೂವರೆ ನಾಟ್, ಅದೂ ಬ್ಯಾಟರಿ ಇರುವವರೆಗೆ. ಸೈಕಲ್ಲಿನ ವೇಗ.

ಫಿರಂಗಿ 100 ಮಿಲಿಮೀಟರಿನದು. ನನ್ನ ಅಳತೆಯಲ್ಲಿ ಅದರ ಬಾಯಿ ಒಂದೇ ಮಿಲಿಮೀಟರ್. ಇಂಜೆಕ್ಷನ್ ಸೂಜಿಯ ದಪ್ಪದ ತುಂಡೊಂದನ್ನು ಕತ್ತರಿಸಿ ನಳಿಗೆ ಮಾಡಿದೆ. ಹಿಂಭಾಗಕ್ಕೆ ಪ್ಲಾಸ್ಟಿಕ್, ಕೈಚಕ್ರಗಳಿಗೆ ತಾಮ್ರದ ತಂತಿಯ ಉಂಗುರ. ಗೋಪುರದ ಮುಂದೆ ಅಂಟಿಸಿದೆ. ಒಂದು ವಾರ ಹಾಗೇ ಇಟ್ಟುಕೊಂಡು ನೋಡಿದೆ.

ಒಂದು ಪಕ್ಕವನ್ನು ಕೊಯ್ದು ಒಳಭಾಗ ತೋರಿಸೋಣ ಅಂತಲೂ ಯೋಚಿಸಿದ್ದೆ. ಸುಮಾರು 45 ಜನ ಆ ಕೊಳವೆಯೊಳಗೆ ಹೇಗೆ ಬದುಕುತ್ತಿದ್ದರು ಅನ್ನುವುದು ಸಣ್ಣ ವಿಷಯ ಅಲ್ಲ. ಇದೇ ಕ್ಲಾಸಿನ ಮಕಲ್ಲೆ 1940ರ ಜೂನ್‌ನಲ್ಲಿ ಕೆಂಪು ಸಮುದ್ರದಲ್ಲಿತ್ತು. ಗಾಳಿ ತಂಪು ಮಾಡುವ ಯಂತ್ರದಲ್ಲಿ ಮೀಥೈಲ್ ಕ್ಲೋರೈಡ್ ಇರುತ್ತಿತ್ತು. ಅದು ಸೋರಿತು. ಅದಕ್ಕೆ ಹೆಚ್ಚು ವಾಸನೆ ಇಲ್ಲ, ಸೋರುವುದು ಗೊತ್ತಾಗುವ ಹೊತ್ತಿಗೆ ಜನರ ತಲೆ ಕೆಟ್ಟಿತ್ತು. ಹಡಗು ದಾರಿ ತಪ್ಪಿ ಬಂಡೆಗೆ ಹತ್ತಿ ಕೂತಿತು. ಆ ಬಿಸಿಲಿನಲ್ಲಿ, ಆ ಕೊಳವೆಯಲ್ಲಿ ಅನ್ನುವುದನ್ನು ನೆನೆಸಿಕೊಂಡರೇ ಉಸಿರು ಕಟ್ಟುತ್ತದೆ. ಒಳಭಾಗ ಮಾಡುವುದಾದರೆ ಅದಕ್ಕೇ ಬೇರೆ ಮಾದರಿ ಬೇಕು. ಇದರಲ್ಲಿ ಬಿಟ್ಟೆ.

ಕೀಳುವ ಕೆಲಸ

ಬ್ಲೇಡಿನಿಂದ ಫಿರಂಗಿ ಎಬ್ಬಿಸಿದೆ. ಗೋಪುರವನ್ನು ಗರಗಸದಲ್ಲಿ ಕತ್ತರಿಸಿ ತಗ್ಗಿಸಿದೆ. ಆ ಜಾಗದಲ್ಲಿ ಈಗ ಸಿಲಿಂಡರ್ ಬರಬೇಕು.

ಯಾಕೆ ಸಿಲಿಂಡರ್? ಇಟಲಿಯ ಇಬ್ಬರು ನೌಕಾ ಎಂಜಿನಿಯರ್‌ಗಳು, ತೆಸೇಯೊ ತೆಸೇಯಿ ಮತ್ತು ಏಲಿಯೊಸ್ ತೊಸ್ಕಿ, ಒಂದು ವಿಚಿತ್ರ ಆಯುಧ ಮಾಡಿದ್ದರು. ಟಾರ್ಪಿಡೊ ಮೇಲೆ ಕುದುರೆ ಹತ್ತಿದ ಹಾಗೆ ಇಬ್ಬರು ಡೈವರ್‌ಗಳು ಕೂರುತ್ತಾರೆ. ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗ. ಶತ್ರುವಿನ ಬಂದರಿನೊಳಗೆ ಮೆಲ್ಲಗೆ ನುಗ್ಗಿ, ಮುಂದಿನ ಸಿಡಿತಲೆಯನ್ನು ಬಿಡಿಸಿ ಹಡಗಿನ ಅಡಿಗೆ ನೇತುಹಾಕಿ ಬರಬೇಕು. ಅಧಿಕೃತ ಹೆಸರು "ನಿಧಾನವಾಗಿ ಹೋಗುವ ಟಾರ್ಪಿಡೊ". ಡೈವರ್‌ಗಳು ಕರೆದದ್ದು "ಮಯಾಲೆ", ಅಂದರೆ ಹಂದಿ. ಅಷ್ಟು ಹಟ ಮಾಡುತ್ತಿತ್ತಂತೆ.

ಈ ಮಯಾಲೆಯನ್ನು ದೂರದ ಬಂದರಿನವರೆಗೆ ಒಯ್ಯುವುದು ಹೇಗೆ? ಮೊದಲು ಇರಿದೆ ಅನ್ನುವ ಪೆರ್ಲಾ ಕ್ಲಾಸಿನ ಸಬ್‌ಮರೀನ್ ಡೆಕ್ಕಿನ ಮೇಲೆ ಹಾಗೇ ಬಿಗಿದರು. ಆದರೆ ಮಯಾಲೆ ತಡೆಯುತ್ತಿದ್ದದ್ದು ಸುಮಾರು 30 ಮೀಟರ್ ಆಳದ ಒತ್ತಡ ಮಾತ್ರ. 80 ಮೀಟರ್ ಇಳಿಯಬಲ್ಲ ಸಬ್‌ಮರೀನ್ ತನ್ನ ಹೊರೆಯಿಂದಾಗಿ ಮೇಲೇ ಉಳಿಯಬೇಕಾಯಿತು. ಇರಿದೆಯನ್ನು 1940ರ ಆಗಸ್ಟ್‌ನಲ್ಲಿ ಲಿಬಿಯಾದ ಬೊಂಬಾ ಕೊಲ್ಲಿಯಲ್ಲಿ ಬ್ರಿಟಿಷ್ ವಿಮಾನಗಳು ಮುಳುಗಿಸಿದವು. ಅದರ ನಂತರ ಗೊಂದಾರ್ ಮತ್ತು ಶಿರೇ ಬಂದವು. ಇವುಗಳ ಡೆಕ್ಕಿನ ಮೇಲೆ ಒತ್ತಡ ತಡೆಯುವ ಮೂರು ಸಿಲಿಂಡರ್. ಗೋಪುರದ ಮುಂದೆ ಒಂದು, ಹಿಂದೆ ಅಕ್ಕಪಕ್ಕ ಎರಡು. ಒಂದೊಂದರಲ್ಲಿ ಒಂದೊಂದು ಮಯಾಲೆ.

ನಾನು ಕರೆಂಟ್ ವೈರಿಂಗಿನ 20 ಮಿಲಿಮೀಟರ್ ಪಿವಿಸಿ ಪೈಪನ್ನು ಎಂಟೆಂಟು ಸೆಂಟಿಮೀಟರಿಗೆ ಕತ್ತರಿಸಿದೆ. ಹಿಂದಿನ ಎರಡನ್ನು ಡೆಕ್ಕಿನ ಮೇಲೆ ಇಟ್ಟು ನೋಡಿದಾಗ ಬೆಚ್ಚಿಬಿದ್ದೆ. ಚಿತ್ರದಲ್ಲಿ ಚಿಕ್ಕದಾಗಿ ಕಾಣುತ್ತಿದ್ದವು ಡೆಕ್ಕನ್ನೇ ತುಂಬಿಬಿಟ್ಟವು. ಆಟೋ ಮೇಲೆ ಎರಡು ಡ್ರಮ್ ಹೇರಿದ ಹಾಗೆ. ಇಷ್ಟು ತೂಕ ಮೇಲೆ ಕೂತರೆ ಹಡಗಿನ ಸಮತೂಕ ಏನಾಗಬೇಕು! ಆಗ ಪಕ್ಕದ ಉಬ್ಬುಗಳ ಬೆಲೆ ನನಗೆ ಇನ್ನೊಮ್ಮೆ ತಿಳಿಯಿತು. ಫಿರಂಗಿ ಯಾಕೆ ಹೋಯಿತು ಅನ್ನುವುದೂ. ಹೊಸ ತೂಕ ಬರಬೇಕಾದರೆ ಹಳೆಯದು ಇಳಿಯಲೇಬೇಕು.

ಮಯಾಲೆಗೆ 5 ಮಿಲಿಮೀಟರಿನ ದುಂಡನೆಯ ಮರದ ಕಡ್ಡಿ. ನಿಜವಾದದ್ದು ಸುಮಾರು 7.3 ಮೀಟರ್, ನನ್ನದು 7.3 ಸೆಂಟಿಮೀಟರ್. ಲೇತ್ ಇಲ್ಲ. ಡ್ರಿಲ್ ಯಂತ್ರವನ್ನು ವೈಸಿಗೆ ಬಿಗಿದು, ಅದರ ಬಾಯಿಗೆ ಕಡ್ಡಿ ಸಿಕ್ಕಿಸಿ ತಿರುಗಿಸಿದೆ. ತಿರುಗುವಾಗ ಉಪ್ಪುಕಾಗದವನ್ನು ಮಡಚಿ ಹಿಡಿದರೆ ಮೂತಿ ದುಂಡಗಾಗುತ್ತದೆ, ಬಾಲ ಚೂಪಾಗುತ್ತದೆ. ಎರಡು ಸೀಟು, ಮುಂದಿನವನ ಎದುರು ಗಾಳಿತಡೆಯಂಥ ಒಂದು ಪುಟ್ಟ ಗುರಾಣಿ. ಅದಕ್ಕೆ ಮಾತ್ರೆಯ ಪಟ್ಟಿಯ ತೆಳು ಅಲ್ಯೂಮಿನಿಯಂ. ಮೂರೂ ಮಾಡಲು ಒಂದು ಭಾನುವಾರ ಸಾಕಾಯಿತು. ಈ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ದಿನ ಅದು.

ಸಿಲಿಂಡರಿನ ಬಾಗಿಲು ಮಾತ್ರ ಮೂರು ಸಲ ಕೆಟ್ಟಿತು. ತೆರೆದು ಮುಚ್ಚುವ ಹಾಗೆ ಇರಬೇಕು ಅಂತ ನನ್ನ ಹಟ. ಯಾಕೆಂದರೆ ಅಲ್ಲಿಯೇ ನಿಜವಾದ ಕಷ್ಟ ಇದ್ದದ್ದು. ಡೈವರ್‌ಗಳು ಕತ್ತಲೆಯಲ್ಲಿ, ನೀರಿನೊಳಗೆ ಆ ಬಾಗಿಲು ತೆಗೆದು ಮಯಾಲೆಯನ್ನು ಹೊರಗೆಳೆಯಬೇಕಿತ್ತು. ಆಮೇಲೆ ಮತ್ತೆ ಮುಚ್ಚಲೂ ಬೇಕು, ಇಲ್ಲದಿದ್ದರೆ ಸಬ್‌ಮರೀನ್ ಸರಿಯಾಗಿ ಹಿಂದಿರುಗುವುದಿಲ್ಲ. ಮೊದಲ ಕೀಲು ಪ್ಲಾಸ್ಟಿಕ್, ಮುರಿಯಿತು. ಎರಡನೆಯದು ತಂತಿ, ಅಂಟು ಹರಿದು ಸ್ಥಿರವಾಗಿ ಅಂಟಿಕೊಂಡಿತು. ಮೂರನೆಯದಕ್ಕೆ ಗುಂಡುಸೂಜಿ ಬಳಸಿ, ತೂತಿಗೆ ಮೊದಲೇ ಒಂದು ಹನಿ ಎಣ್ಣೆ ಬಿಟ್ಟು, ಆಮೇಲೆ ಪಕ್ಕದಲ್ಲಿ ಮಾತ್ರ ಅಂಟು ಹಾಕಿದೆ. ಎಣ್ಣೆ ಇದ್ದ ಕಡೆ ಅಂಟು ಹೋಗಲಿಲ್ಲ. ಈಗ ಉಗುರಿನಲ್ಲಿ ಎಬ್ಬಿಸಿದರೆ ತೆರೆಯುತ್ತದೆ.

ಬಣ್ಣ

ಶಿರೇಗೆ ತಿಳಿ ಹಸಿರು ಬಣ್ಣ ಹೊಡೆದಿದ್ದರು. ರಾತ್ರಿ ಸಮುದ್ರದಲ್ಲಿ ಕರಗಿಹೋಗಲಿ ಅಂತ. ಅದರ ಮೇಲೆ ಗಾಢ ಬಣ್ಣದಲ್ಲಿ ಒಂದು ಮೀನುಗಾರಿಕೆ ಟ್ರಾಲರ್‌ನ ಆಕಾರ ಬರೆದಿದ್ದರು. ದೂರದಿಂದ ನೋಡಿದವರಿಗೆ ಸಣ್ಣ ಮೀನಿನ ಹಡಗು ಅನ್ನಿಸಲಿ ಅಂತ.

ಆ ಹಸಿರು ನನ್ನ ಕೈಗೆ ಸಿಗಲೇ ಇಲ್ಲ. ಹಸಿರಿಗೆ ಬಿಳಿ ಬೆರೆಸಿದರೆ ಪಿಸ್ತಾ ಐಸ್‌ಕ್ರೀಂ ಆಗುತ್ತಿತ್ತು. ಕೊನೆಗೆ ನಮ್ಮ ಬೀದಿಯ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಹಿರಿಯರೊಬ್ಬರ ಹತ್ತಿರ ಹೋದೆ.

"ಮೇಸ್ತ್ರಿಗಳೇ, ಈ ಹಸಿರು ಸ್ವಲ್ಪ ಮಂಕಾಗಬೇಕು. ಕಪ್ಪು ಹಾಕಲಾ?"

"ಕಪ್ಪು ಬೇಡ ತಮ್ಮಾ, ಕೊಳಕಾಗುತ್ತೆ. ಒಂದು ಹನಿ ಕೆಂಪು ಹಾಕು. ಕಡ್ಡಿಯಲ್ಲಿ, ಬ್ರಷ್‌ನಲ್ಲಿ ಅಲ್ಲ."

ಊದುಬತ್ತಿ ಕಡ್ಡಿಯ ತುದಿಯಲ್ಲಿ ಕೆಂಪು ಮುಟ್ಟಿಸಿ ಬೆರೆಸಿದೆ. ಹೊಳಪು ಹೋಗಿ ಬಣ್ಣ ತಣ್ಣಗಾಯಿತು. ಸಾಯಂಕಾಲದ ಬೆಳಕಿನಲ್ಲಿ ಮೇಜಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಬಂದೆ. ಹಡಗಿನ ಅಂಚು ಎಲ್ಲಿದೆ ಅಂತ ಹುಡುಕಬೇಕಾಯಿತು. ಆ ಬಣ್ಣದ ಉದ್ದೇಶ ಆಗ ತಿಳಿಯಿತು.

ಈ ಬಣ್ಣದ ಹಡಗು ಮಾಡಿದ ಕೆಲಸ ದೊಡ್ಡದು. ಕಮಾಂಡರ್ ಯೂನಿಯೊ ವಲೇರಿಯೊ ಬೊರ್ಗೇಸೆ. ಬ್ರಿಟಿಷರ ನೌಕಾನೆಲೆ ಜಿಬ್ರಾಲ್ಟರಿಗೆ ಶಿರೇ ಮತ್ತೆ ಮತ್ತೆ ಹೋಯಿತು. ಮೊದಲು ಬರಿಗೈ, 1941ರ ಸೆಪ್ಟೆಂಬರ್‌ನಲ್ಲಿ ಮೂರು ಹಡಗಿಗೆ ಪೆಟ್ಟು. ಆ ಡಿಸೆಂಬರ್‌ನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ. 18ರ ರಾತ್ರಿ ಬಂದರಿನಿಂದ ಎರಡೂವರೆ ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಶಿರೇ ಮೂರು ಮಯಾಲೆ ಬಿಟ್ಟಿತು. ಬಾಗಿಲು ತೆರೆದದ್ದು ಮೀಸಲು ಡೈವರ್‌ಗಳು. ಆರು ಜನ ಒಳಗೆ ಹೋದರು. ಬೆಳಿಗ್ಗೆ ಬ್ರಿಟಿಷರ ಎರಡು ಯುದ್ಧನೌಕೆಗಳು, ಕ್ವೀನ್ ಎಲಿಜಬೆತ್ ಮತ್ತು ವ್ಯಾಲಿಯಂಟ್, ಬಂದರಿನ ತಳಕ್ಕೆ ಕೂತಿದ್ದವು. ಸಗೋನಾ ಅನ್ನುವ ಟ್ಯಾಂಕರ್ ಕೂಡ ಒಡೆದಿತ್ತು. ಆರೂ ಡೈವರ್‌ಗಳು ಸೆರೆ ಸಿಕ್ಕರು.

ಗೊಂದಾರ್‌ಗೆ ಅಷ್ಟು ಅದೃಷ್ಟ ಇರಲಿಲ್ಲ. 1940ರ ಸೆಪ್ಟೆಂಬರ್ ಕೊನೆಯಲ್ಲಿ ಅದೇ ಅಲೆಕ್ಸಾಂಡ್ರಿಯಾದ ದಾರಿಯಲ್ಲಿ ಮುಳುಗಿತು. ಅದರಲ್ಲಿ ತೊಸ್ಕಿ ಇದ್ದರು. ಮಯಾಲೆ ಮಾಡಿದ ಆ ಎಂಜಿನಿಯರನ್ನು ಯುದ್ಧ ಕೈದಿಯಾಗಿ ಭಾರತಕ್ಕೆ ತಂದರು, ಹಿಮಾಲಯದ ತಪ್ಪಲಿನ ಯೋಲ್ ಶಿಬಿರಕ್ಕೆ. ನಮ್ಮ ಬೆಂಗಳೂರಿನ ಜಾಲಹಳ್ಳಿ ಕಡೆಯೂ ಆಗ ಇಟಾಲಿಯನ್ ಕೈದಿಗಳ ಶಿಬಿರ ಇತ್ತು. ಆ ಯುದ್ಧ ನಾವು ಅಂದುಕೊಂಡಷ್ಟು ದೂರದ್ದಲ್ಲ.

ಟ್ರಾಲರ್ ಆಕಾರ ಬರೆಯುವ ದಿನ ನನ್ನ ಕೈ ಸ್ವಲ್ಪ ತಡೆಯಿತು. 1942ರ ಆಗಸ್ಟ್ 10ರಂದು ಹೈಫಾ ಬಂದರಿನ ಹೊರಗೆ ಶಿರೇ ಮುಳುಗಿತು. ಆಗ ಕಮಾಂಡರ್ ಬ್ರೂನೊ ಝೆಲಿಕ್. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಮುಳುಗಿಸಿದ್ದು ಬ್ರಿಟಿಷರ ಐಲಾ. ಅದು ಆಯುಧ ಹಾಕಿದ ಒಂದು ಟ್ರಾಲರ್. ಎರಡು ದಿನ ಕಳೆದ ಮೇಲೆ ಅದೇ ಕ್ಲಾಸಿನ ಆಕ್ಸುಮ್ ಮಾಲ್ಟಾಗೆ ಹೊರಟ ಬ್ರಿಟಿಷ್ ಹಡಗುಗಳ ಸಾಲಿನ ಮೇಲೆ ನಾಲ್ಕು ಟಾರ್ಪಿಡೊ ಬಿಟ್ಟು ಮೂರು ಹಡಗಿಗೆ ಹೊಡೆಯಿತು. ಯುದ್ಧ ಮುಗಿದಾಗ 17ರಲ್ಲಿ ಉಳಿದಿದ್ದದ್ದು ಅಲಾಜಿ ಒಂದೇ.

ಕೊನೆಯ ಕೆಲಸ ಸ್ಟ್ಯಾಂಡ್. ಅಲೆಕ್ಸಾಂಡ್ರಿಯಾ ಹತ್ತಿರ ಶಿರೇ ಸಾಗಿದ ನೀರಿನ ಆಳ ಸುಮಾರು 15 ಮೀಟರ್. ಹಲಗೆಯ ನಾಲ್ಕು ಮೂಲೆಗೆ ಹಿತ್ತಾಳೆ ಕಡ್ಡಿ ನೆಟ್ಟು, 15 ಸೆಂಟಿಮೀಟರ್ ಎತ್ತರದಲ್ಲಿ ಬಿಳಿ ನೂಲು ಕಟ್ಟಿದೆ. ಅದು ನೀರಿನ ಮಟ್ಟ. ಒಳಗೆ ಮಾದರಿ ಇಟ್ಟೆ. 60 ಸೆಂಟಿಮೀಟರ್ ಉದ್ದದ ಹಡಗು, ಗೋಪುರದ ತುದಿಯಿಂದ ನೂಲಿಗೆ ಉಳಿದದ್ದು ಐದು ಸೆಂಟಿಮೀಟರ್. ಹಿಂದಿನ ಎಡ ಸಿಲಿಂಡರಿನ ಬಾಗಿಲು ತೆರೆದಿಟ್ಟಿದ್ದೇನೆ. ಮಯಾಲೆಯ ಬಾಲ ಅರ್ಧ ಹೊರಗೆ ಬಂದಿದೆ.